ಸ್ಲೇಟಿಗೂ ಮೊದಲು



ಚೌಕಾಬಾರದ ಮನೆ ಬರೆದು ಅಜ್ಜಿಯೊಬ್ಬರು ಕವಡೆ ಹಾಕುತ್ತಾರೆ. ಮೂರು ಅಂಗಾತ, ಒಂದು ಬೋರಲು. ಪಕ್ಕದಲ್ಲಿ ಕೂತ ನಾಲ್ಕು ವರ್ಷದ ಮೊಮ್ಮಗಳು ಬೆರಳಿಟ್ಟು ಎಣಿಸುವುದಿಲ್ಲ. ಕಂಡೊಡನೆ ‘ಮೂರು’ ಎಂದು ಕೂಗುತ್ತಾಳೆ. ಆಮೇಲೆ ಕಾಯಿಯನ್ನು ಒಂದೊಂದೇ ಮನೆ ನಡೆಸಿ ಮೂರನೆಯದರಲ್ಲಿ ನಿಲ್ಲಿಸುತ್ತಾಳೆ. ಎಣಿಕೆಯ ಬುನಾದಿಯೆಲ್ಲ ಈ ಒಂದು ಸರದಿಯಲ್ಲಿದೆ: ಸಣ್ಣ ಗುಂಪನ್ನು ಕಣ್ಣಲ್ಲೇ ಅಳೆಯುವುದು, ಒಂದು ಸಂಖ್ಯೆಗೆ ಒಂದೇ ಹೆಜ್ಜೆ ಇಡುವುದು, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಂದು ಅರಿಯುವುದು. ಬಾಯಿಪಾಠ ಬೇರೆ, ಎಣಿಕೆ ಬೇರೆ: ನೂರರವರೆಗೆ ಗಿಳಿಪಾಠ ಒಪ್ಪಿಸುವ ಮಗು, ‘ಐದು ಹುಣಸೆ ಬೀಜ ಕೊಡು’ ಎಂದರೆ ಬೊಗಸೆ ತುಂಬ ಬಾಚಿ ಕೊಡುವುದನ್ನು ನೀವೆಲ್ಲ ನೋಡಿದ್ದೀರಿ.

ಇಂಥ ಆಟದ ಫಲವನ್ನು ಅಳೆದವರೂ ಇದ್ದಾರೆ. ಅಮೆರಿಕದಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಎಂಬ ಸಂಶೋಧಕರು ಬಡ ಕುಟುಂಬಗಳ ಪುಟ್ಟ ಮಕ್ಕಳಿಗೆ 1ರಿಂದ 10ರವರೆಗೆ ಸಾಲಾಗಿ ಮನೆಗಳಿದ್ದ ಆಟವೊಂದನ್ನು, ಸಲಕ್ಕೆ 15–20 ನಿಮಿಷದಂತೆ, ನಾಲ್ಕು ಸಲ ಆಡಿಸಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮಕ್ಕಳ ಸಂಖ್ಯಾಜ್ಞಾನ ಅಷ್ಟಕ್ಕೇ ಬೆಳೆಯಿತು. ಸಂಖ್ಯೆಗಳ ಜಾಗದಲ್ಲಿ ಬಣ್ಣಗಳಿದ್ದ ಆಟ ಆಡಿದವರಲ್ಲಿ ಬೆಳೆಯಲಿಲ್ಲ. ಆಟದ ಜೊತೆಗೆ ಸಂಖ್ಯೆಯ ಮಾತೂ ಬೇಕು ಎಂದು ನಾನು ಇದರಿಂದ ತಿಳಿಯುತ್ತೇನೆ. ‘ಊಟಕ್ಕೆ ಐದು ಜನ, ತಟ್ಟೆ ನಾಲ್ಕೇ ಇವೆ, ಇನ್ನೆಷ್ಟು ತರ್ತೀಯಾ?’ ಎಂದು ಕೇಳುವ ತಾಯಿಯೂ ಗಣಿತವನ್ನೇ ಕಲಿಸುತ್ತಿದ್ದಾಳೆ. ಭಾಷೆಯೂ ನಮ್ಮ ಕೈಹಿಡಿಯುತ್ತದೆ. ‘ಇಪ್ಪತ್ತೊಂದು’ ಎಂದರೆ ಅದರಲ್ಲಿ ಇಪ್ಪತ್ತೂ ಒಂದೂ ಕಿವಿಗೆ ಕೇಳುತ್ತವೆ.

ಓದಿನ ವಿಚಾರದಲ್ಲಿ ನನ್ನ ಕಳವಳ ಹೆಚ್ಚು. ಮೂರು ತುಂಬುವ ಮುಂಚೆಯೇ ಬಳಪ ಹಿಡಿಸಿ ಕಾಗುಣಿತ ತಿದ್ದಿಸುವ ಮನೆಗಳು ಹೆಚ್ಚುತ್ತಿವೆ. ವರ್ಣಮಾಲೆಯಲ್ಲಿ 49 ಅಕ್ಷರಗಳೇ ಇರಬಹುದು, ಕಾಗುಣಿತ ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಇವೆಲ್ಲ ಕೈವಶವಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕು ಎಂಬುದನ್ನು ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟಿತು. ಕೇಂದ್ರ ಸರ್ಕಾರದ 2021ರ ನಿಪುಣ್ ಭಾರತ್ ಕಾರ್ಯಕ್ರಮ ಕೂಡ ಬುನಾದಿ ಓದಿಗೆ ಮೂರನೆಯ ತರಗತಿಯ ಕೊನೆಯವರೆಗೆ ಕಾಲ ಕೊಟ್ಟಿದೆ. ಆತುರ ನಮ್ಮದು ಮಾತ್ರ.

ಹಾಗಾದರೆ ಮನೆಯಲ್ಲಿ ಮಾಡುವುದೇನು? ಅಕ್ಷರಕ್ಕೆ ಮೊದಲು ಕಿವಿಯನ್ನು ಹದಗೊಳಿಸಬೇಕು. ತರಕಾರಿ ಹೆಚ್ಚುತ್ತಲೇ ‘ಬ-ದ-ನೆ’ ಎಂದು ಮಗುವಿನಿಂದ ಮೂರು ಚಪ್ಪಾಳೆ ತಟ್ಟಿಸಬಹುದು. ‘ಬ’ ತೆಗೆದರೆ ಏನುಳಿಯಿತು? ‘ದನೆ’! ಮಗು ನಗುತ್ತದೆ, ಇನ್ನೊಂದು ಪದ ಕೇಳುತ್ತದೆ. ಮುಂದೆ ಅದೇ ಪದವನ್ನು ಬರೆದು ತೋರಿಸಿದಾಗ ಮೂರು ಚಪ್ಪಾಳೆಗೆ ಮೂರು ಅಕ್ಷರ ಸಿಗುತ್ತವೆ. ಕನ್ನಡದ ಬರವಣಿಗೆ ಉಚ್ಚಾರಕ್ಕೆ ಇಷ್ಟು ಹತ್ತಿರವಿರುವುದು ನಮ್ಮ ಮಕ್ಕಳ ಭಾಗ್ಯ. ಈ ಚಪ್ಪಾಳೆಯ ಆಟಕ್ಕೆ ತಾಯಿ ಓದು ಬಲ್ಲವಳೇ ಆಗಿರಬೇಕಿಲ್ಲ. ಚಿತ್ರಪುಸ್ತಕ ತೆರೆದು, ಚಿತ್ರ ತೋರಿಸಿ, ‘ಆಮೇಲೆ ಏನಾಯ್ತು?’ ಎಂದು ಕೇಳುವುದಕ್ಕೂ ಅಕ್ಷರ ಬೇಕಿಲ್ಲ. ತಾನು ಓದಿಲ್ಲವೆಂದು ಹಿಂಜರಿದು ಕೂತ ತಾಯಿಗೆ ಈ ಮಾತನ್ನು ಯಾರಾದರೂ ಮುಟ್ಟಿಸಲೇಬೇಕು.

ಅದನ್ನು ಮುಟ್ಟಿಸಬಲ್ಲವರು ಅಂಗನವಾಡಿ ಕಾರ್ಯಕರ್ತೆಯರೂ ಶಿಕ್ಷಕರೂ ಆದ ನೀವು. 1975ರಲ್ಲಿ ಅಂಗನವಾಡಿ ಆರಂಭವಾದಾಗಿನಿಂದ ಊರಿನ ಹೊಸ್ತಿಲುಗಳನ್ನು ಬಲ್ಲವರು ಕಾರ್ಯಕರ್ತೆಯರು. ಇಂದಿನ ಗೋಷ್ಠಿಗಳು ಪೋಷಕರಿಗೆ ಕೊಡಬೇಕಾದ ಸೂಚನೆಗಳ ಪಟ್ಟಿಯಲ್ಲೇ ಮುಗಿಯದಿರಲಿ. ಮುಂದಿನ ತಾಯಂದಿರ ಸಭೆಯಲ್ಲಿ ನೀವು ಮೊದಲು ಕೇಳಿ: ಅವರ ಮನೆಯಲ್ಲಿ ಯಾವ ಆಟ ಆಡುತ್ತಾರೆ, ಯಾವ ಒಗಟು ಹೇಳುತ್ತಾರೆ, ಮಗುವನ್ನು ಮಲಗಿಸುವಾಗ ಯಾವ ಕಥೆ. ಅವನ್ನು ಬರೆದುಕೊಂಡು ಬನ್ನಿ. ನಮ್ಮ ಪಠ್ಯವನ್ನು ಅಲ್ಲಿಂದ ಕಟ್ಟೋಣ.