ಹೆಸರು ಅಳಿಸಿದರೆ ಗುಟ್ಟು ಉಳಿಯುತ್ತದೆಯೇ?

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ನೀಡಿದ ಮಾಹಿತಿ)



ಉಳಿತಾಯ, ಸಾಲ, ಮರುಪಾವತಿಯ ಲೆಕ್ಕ ಬರೆಯುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಆದರೆ ನಮ್ಮ ಪುಸ್ತಕಗಳಲ್ಲಿ ಇರುವುದು ಬರೀ ಲೆಕ್ಕ ಅಲ್ಲ. ಯಾರಿಗೆ ಗಂಡ ಇಲ್ಲ, ಯಾರ ಮಗುವಿಗೆ ಕಾಯಿಲೆ, ಯಾರು ಆಸ್ಪತ್ರೆ ಖರ್ಚಿಗೆ ಸಾಲ ಪಡೆದರು, ಯಾರ ಕಂತು ಬಾಕಿ, ಎಲ್ಲವೂ ಅದರಲ್ಲಿದೆ. ಒಂದು ಸಂಘದಲ್ಲಿ ಹತ್ತಿಪ್ಪತ್ತು ಮಂದಿ. ನೂರು ಸಂಘಗಳ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿದರೆ ಸಾವಿರಾರು ಮನೆಗಳ ಒಳಗಿನ ವಿಷಯ ಒಂದೇ ಕಡೆ ಸೇರಿದ ಹಾಗೆ. ಈ ಪಟ್ಟಿಯನ್ನು ಬ್ಯಾಂಕಿನವರು, ವಿಮೆಯವರು, ಸಮೀಕ್ಷೆಗೆ ಬಂದವರು ಕೇಳುತ್ತಾರೆ. ಕೊಡುವುದು ಹೇಗೆ? ಇದೇ ಇವತ್ತಿನ ವಿಷಯ.

"ಹೆಸರು ತೆಗೆದು ಕೊಟ್ಟರೆ ಆಯ್ತಲ್ಲ" ಎನ್ನುತ್ತೇವೆ. ಅಷ್ಟು ಸಾಲದು. ಅಮೆರಿಕದಲ್ಲಿ ನಡೆದದ್ದನ್ನು ಕೇಳಿ. 1990ರ ದಶಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಸಂಶೋಧನೆಗೆಂದು ಕೊಟ್ಟರು. ಹೆಸರು, ವಿಳಾಸ ತೆಗೆದಿದ್ದರು. ಹುಟ್ಟಿದ ದಿನಾಂಕ, ಹೆಣ್ಣೋ ಗಂಡೋ ಎಂಬುದು, ನಮ್ಮ ಪಿನ್‌ಕೋಡಿನಂಥ ಅಂಚೆ ಸಂಖ್ಯೆ, ಈ ಮೂರು ಉಳಿದಿದ್ದವು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯ ಸ್ವೀನಿ ಎಂಬವರು ಕೇಂಬ್ರಿಜ್ ನಗರದ ಮತದಾರರ ಪಟ್ಟಿಯನ್ನು 20 ಡಾಲರಿಗೆ ಕೊಂಡು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅವರ ಮನೆ ಅದೇ ನಗರದಲ್ಲಿತ್ತು. ಅಲ್ಲಿ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಅವರು ಹುಟ್ಟಿದ ದಿನವೇ ಹುಟ್ಟಿದವರು ಪಟ್ಟಿಯಲ್ಲಿ 6 ಮಂದಿ. ಅವರಲ್ಲಿ ಗಂಡಸರು 3. ಅವರ ಅಂಚೆ ಸಂಖ್ಯೆಯವರು ಒಬ್ಬರೇ! ಗವರ್ನರರ ಆಸ್ಪತ್ರೆ ದಾಖಲೆ ಯಾವುದೆಂದು ಗೊತ್ತಾಗಿಬಿಟ್ಟಿತು. ಈ ಮೂರೇ ವಿವರಗಳಿಂದ ಅಮೆರಿಕದ ನೂರಕ್ಕೆ 87 ಮಂದಿಯನ್ನು ಗುರುತಿಸಬಹುದೆಂದು 2000ದಲ್ಲಿ ಅವರು ಲೆಕ್ಕ ಹಾಕಿ ತೋರಿಸಿದರು.

ನಗರದಲ್ಲೇ ಹೀಗಾದರೆ ನಮ್ಮ ಊರಿನಲ್ಲಿ ಕೇಳಬೇಕೇ? "42 ವರ್ಷ, ವಿಧವೆ, ಬೀಡಿ ಕೆಲಸ, ಇಬ್ಬರು ಹೆಣ್ಣುಮಕ್ಕಳು, ಆಸ್ಪತ್ರೆ ಸಾಲ" ಎಂದು ಬರೆದರೆ ಹೆಸರು ಯಾಕೆ ಬೇಕು? ಓದಿದವರೆಲ್ಲ "ಓ, ಅವರಾ!" ಎನ್ನುತ್ತಾರೆ. ಆಮೇಲೆ ಮಗಳ ಮದುವೆ ಮಾತಿಗೂ ಅದು ಅಡ್ಡ ಬರಬಹುದು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅಷ್ಟೇ ಅಲ್ಲ, ತನ್ನ ಕಷ್ಟ ಊರೆಲ್ಲಾ ಹರಡಿತೆಂದು ತಿಳಿದ ಸದಸ್ಯೆ ಇನ್ನೊಮ್ಮೆ ಸಭೆಯಲ್ಲಿ ಬಾಯಿ ಬಿಡುವುದಿಲ್ಲ. ನಂಬಿಕೆ ಹೋದರೆ ಸಂಘ ಉಳಿಯುತ್ತದೆಯೇ?

ಹಾಗೆಂದು ಮಾಹಿತಿ ಕೊಡಲೇಬಾರದು ಎಂದಲ್ಲ. ನಮ್ಮ ದೇಶದ ಜನಗಣತಿ ನೋಡಿ. ಮನೆಮನೆಯಲ್ಲಿ ಬರೆದುಕೊಂಡ ವಿವರವನ್ನು ಹೊರಗಿನವರಿಗೆ ತೋರಿಸುವಂತಿಲ್ಲ ಎಂದು 1948ರ ಜನಗಣತಿ ಕಾಯ್ದೆಯ 15ನೇ ಕಲಂ ಹೇಳುತ್ತದೆ. ಊರಿನಲ್ಲಿ ಎಷ್ಟು ಮಂದಿ, ಓದು ಬಲ್ಲವರೆಷ್ಟು ಎಂಬ ಒಟ್ಟು ಲೆಕ್ಕ ಮಾತ್ರ ಪ್ರಕಟವಾಗುತ್ತದೆ. ನಾವೂ ಹೀಗೆ ಮಾಡಬಹುದು:

1. ಪಟ್ಟಿ ಕೇಳಿದವರನ್ನು "ಯಾತಕ್ಕೆ ಬೇಕು?" ಎಂದು ಮೊದಲು ಕೇಳೋಣ. ಆ ಕೆಲಸಕ್ಕೆ ಬೇಕಾದಷ್ಟೇ ಕೊಡೋಣ.

2. ಸಮೀಕ್ಷೆಗೆ, ವರದಿಗೆ ಒಟ್ಟು ಸಂಖ್ಯೆ ಸಾಕು. ಒಬ್ಬೊಬ್ಬರ ವಿವರ ಬೇಡ.

3. ಒಬ್ಬೊಬ್ಬರ ವಿವರ ಬೇಕೇ ಬೇಕೆಂದರೆ ಹುಟ್ಟಿದ ದಿನಾಂಕದ ಬದಲು "40ರಿಂದ 50 ವರ್ಷ" ಎಂದೂ, ಊರಿನ ಬದಲು ತಾಲೂಕಿನ ಹೆಸರನ್ನೂ ಬರೆಯೋಣ.

4. "ಈ ಕಾಯಿಲೆಯವರು ಒಬ್ಬರು" ಎಂದು ಒಂದೇ ಸಂಘದ ಲೆಕ್ಕ ಕೊಟ್ಟರೆ ಆ ಒಬ್ಬರು ಯಾರೆಂದು ಪತ್ತೆಯಾಗುತ್ತದೆ. ಹಲವು ಸಂಘಗಳನ್ನು ಸೇರಿಸಿ ಲೆಕ್ಕ ಕೊಡೋಣ.

5. ಸಾಲಕ್ಕೆ ಬ್ಯಾಂಕಿಗೆ ಹೆಸರು, ದಾಖಲೆ ಕೊಡಲೇಬೇಕು. ಅದನ್ನು ಬ್ಯಾಂಕಿಗೇ ಕೊಡೋಣ, ವಾಟ್ಸಾಪ್ ಗುಂಪಿಗೆ ಹಾಕುವುದು ಬೇಡ. ಪೂರ್ತಿ ಆಧಾರ್ ಸಂಖ್ಯೆ ಬೇಡವಾದ ಕಡೆ ಕೊನೆಯ 4 ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಕೊಡಬಹುದು.

6. ಸದಸ್ಯೆಯ ಒಪ್ಪಿಗೆ ಪಡೆಯೋಣ. ಯಾರಿಗೆ, ಏನು, ಯಾತಕ್ಕೆ ಕೊಟ್ಟೆವು ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆಯೋಣ.

ಒಂದು ಮಾತು ನೆನಪಿರಲಿ. ಗುಟ್ಟು ಕಾಯುವುದೆಂದರೆ ಲೆಕ್ಕ ಮುಚ್ಚಿಡುವುದಲ್ಲ. ಸಂಘದ ಹಣದ ಲೆಕ್ಕ ಸದಸ್ಯರೆಲ್ಲರ ಮುಂದೆ ತೆರೆದೇ ಇರಬೇಕು. ಸಂಘದೊಳಗಿನ ಮಾತು ಹೊರಗೆ ಹೋಗಬಾರದು, ಅಷ್ಟೆ.

ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ, ನಮ್ಮ ಹಕ್ಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು, ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಬೀಡಿ ಕಟ್ಟುವ ಅಕ್ಕನಿಗೂ ಆ ಹಕ್ಕು ಇದೆ.

ಮುಂದಿನ ವಾರದ ಸಭೆಯಲ್ಲಿ ಈ ಆರು ಅಂಶಗಳನ್ನು ಓದಿ, ಚರ್ಚಿಸಿ, ನಿರ್ಣಯ ಬರೆಯಿರಿ. ನಮ್ಮನ್ನು ನಂಬಿ ಹೇಳಿದ ಮಾತನ್ನು ನಾವೇ ಕಾಯೋಣ.