ಕೋಳಿಯ ಕಾಲು ಒಣಗಿರಲಿ

(ಮಹಿಳಾ ವಿಭಾಗದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಕೋಳಿಯ ಬಗ್ಗೆ ಮಾತಾಡುತ್ತೇನೆ ಎಂದಾಗ ನಮ್ಮ ಕಾರ್ಯದರ್ಶಿಯವರು, "ಕೋರಿ ರೊಟ್ಟಿ ಮಾಡುವುದು ಹೇಗೆ ಅಂತಲಾ?" ಎಂದು ಕೇಳಿದರು. ಅಲ್ಲ. ಸಸ್ಯಾಹಾರಿ ಸೋದರಿಯರು ಗಾಬರಿಯಾಗಬೇಡಿ, ಇದು ಕೋಳಿಯನ್ನು ಬದುಕಿಸುವ ಮಾತು. ನಾನು ಮೊದಲ ವರ್ಷ ಬದುಕಿಸಲಾರದೆ ಕಲಿತ ಮಾತು.

ನಮ್ಮಲ್ಲಿ ಹಲವರು ಡೊಂಬಿವಲಿ, ಠಾಣೆ, ವಾಶಿಯ ಫ್ಲ್ಯಾಟುಗಳಲ್ಲಿ ಇದ್ದುಕೊಂಡೇ ಬದ್ಲಾಪುರ, ಮುರ್ಬಾಡ್, ಕರ್ಜತ್ ಕಡೆ ಒಂದಿಷ್ಟು ಜಾಗ ಮಾಡಿಕೊಂಡಿದ್ದೀರಿ. ನಮ್ಮದು ಟಿಟ್ವಾಲಾದ ಆಚೆ. ಊರಿನ ಮನೆ ಮಾರಿದ ಮೇಲೆ ಅಮ್ಮ ನಮ್ಮೊಂದಿಗೆ ಡೊಂಬಿವಲಿಗೆ ಬಂದರು. ಕುಂದಾಪುರದ ಕಡೆಯ ಹಳ್ಳಿಯಲ್ಲಿ ಜೀವಮಾನವೆಲ್ಲ ಅಂಗಳದಲ್ಲಿ ಓಡಾಡಿದವರು, ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕುಳಿತು ಲೋಕಲ್ ರೈಲು ಎಣಿಸತೊಡಗಿದರು. ದಿನಕಳೆದಂತೆ ಮಾತೇ ಕಡಿಮೆಯಾಯಿತು. ನನಗೆ ಭಯವಾಯಿತು. ನಾನು ನಿವೃತ್ತಳಾದ ಕೂಡಲೇ ವಾರದಲ್ಲಿ ಐದು ದಿನ ಆ ಜಾಗದಲ್ಲೇ ಇರುವುದೆಂದು ತೀರ್ಮಾನಿಸಿ, ಅವರಿಗಾಗಿಯೇ ಎರಡು ತಿಂಗಳ ಎಂಟು ಗಿರಿರಾಜ ಮರಿಗಳನ್ನು ತಂದೆವು. ಗಿರಿರಾಜ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ತಳಿ, ಹಿತ್ತಲಿಗೆ ಹೇಳಿಸಿದ್ದು.

ಗೂಡಿನ ಮುಂದೆ ಬಲೆ ಕಟ್ಟಿ ಅಂಗಳ ಮಾಡಿದೆ. ತೊಳೆಯಲು ಸುಲಭವೆಂದು ಅರ್ಧಕ್ಕೆ ಸಿಮೆಂಟು ಹಾಕಿಸಿದೆ. ಉಳಿದರ್ಧಕ್ಕೆ ಹುಲ್ಲಿನ ಹಾಸು, ಮೂಲೆಯಲ್ಲಿ ಚೆಂದಕ್ಕೆ ಕಣಗಿಲೆ. ಅಮ್ಮ ಸುತ್ತ ನೋಡಿ, "ಕೋಳಿಗೆ ಕೆದ್ರುಕೆ ನೆಲ ಬೇಕ್ ಮಗಾ, ಚಾವಡಿ ಅಲ್ಲ" ಎಂದರು. ನಾನು ಕೇಳಲಿಲ್ಲ. ಮೊಬೈಲಿನಲ್ಲಿ ವಿದೇಶದ ವೀಡಿಯೊಗಳನ್ನು ನೋಡಿ ಕಲಿತವಳಲ್ಲವೇ!

ಆ ದೇಶಗಳ ಮಳೆಯೇ ಬೇರೆ. ನಮ್ಮ ಠಾಣೆ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 2,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಮೂರೇ ವಾರದಲ್ಲಿ ಮರಿಗಳು ಹುಲ್ಲನ್ನು ಕೆದರಿ ಕೆಸರು ಮಾಡಿದವು. ಸಿಮೆಂಟಿನ ಮೇಲೆ ಹಿಕ್ಕೆ ಲೋಳೆಯಾಗಿ ನಿಂತಿತು. ಜುಲೈ ಕೊನೆಗೆ ಮರಿಗಳು ರೆಕ್ಕೆ ಇಳಿಬಿಟ್ಟು ತೂಕಡಿಸತೊಡಗಿದವು, ಹಿಕ್ಕೆಯಲ್ಲಿ ರಕ್ತ. ಪಶುವೈದ್ಯರು ಕಾಕ್ಸಿಡಿಯೋಸಿಸ್ ಎಂದರು. ಹಿಕ್ಕೆಯಲ್ಲಿ ಹೊರಬಿದ್ದ ಈ ರೋಗಾಣು, ತೇವ ಮತ್ತು ಸೆಕೆ ಸಿಕ್ಕರೆ ಒಂದೆರಡು ದಿನಗಳಲ್ಲಿ ಬಲಿತು, ಕೆದರಿ ತಿನ್ನುವ ಮರಿಯ ಹೊಟ್ಟೆಗೆ ಮತ್ತೆ ಸೇರುತ್ತದೆ. ಔಷಧಿ ಕೊಟ್ಟೆವು, ಆದರೆ ತಡವಾಗಿತ್ತು. ಎಂಟರಲ್ಲಿ ಐದು ಹೋದವು. ಅಮ್ಮ ನನ್ನನ್ನು ಬೈಯಲಿಲ್ಲ. ಎರಡು ದಿನ ಮಾತೇ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮಳೆ ನಿಂತ ಮೇಲೆ ಸಿಮೆಂಟು ಒಡೆಸಿ, ಅಮ್ಮ ಹೇಳಿದಂತೆ ನೆಲ ಮಾಡಿದೆವು. ನೀವೂ ಬರೆದುಕೊಳ್ಳಿ.

ಅಂಗಳ ಸುತ್ತಲಿನ ನೆಲಕ್ಕಿಂತ ಅರ್ಧ ಅಡಿಯಾದರೂ ಎತ್ತರವಿರಲಿ, ಒಂದು ಬದಿಗೆ ಇಳಿಜಾರಿರಲಿ, ಹೊರಗೆ ನೀರು ಹರಿಯಲು ಕಣಿ ತೋಡಿ. ಅಡಿಯಲ್ಲಿ ಕೆಂಪುಕಲ್ಲಿನ ಚೂರು, ಇಲ್ಲಿನವರು ಜಾಂಭಾ ಎನ್ನುವುದು, ಅಥವಾ ಇಟ್ಟಿಗೆ ಚೂರನ್ನು ಮೂರ್ನಾಲ್ಕು ಇಂಚು ಹಾಕಿ ದಮ್ಮಸು ಮಾಡಿ. ಅದರ ಮೇಲೆ ದಪ್ಪ ಮರಳು. ಅಂಗಳದ ಅರ್ಧಕ್ಕಾದರೂ ತಗಡಿನ ಮಾಡು ಬೇಕೇ ಬೇಕು. ಎರಚಲು ಬಾರದಂತೆ ಅಂಚು ಎರಡು ಅಡಿ ಹೊರಚಾಚಲಿ. ಮಾಡಿನ ಕೆಳಗೆ ನಾಲ್ಕರಿಂದ ಆರು ಇಂಚು ಉಮಿ ಹಾಸಿ. ಮುರ್ಬಾಡ್, ಕರ್ಜತ್ ಕಡೆಯ ಅಕ್ಕಿ ಗಿರಣಿಗಳಲ್ಲಿ "ತೂಸ್" ಎಂದು ಕೇಳಿದರೆ ಚೀಲಗಟ್ಟಲೆ ಸಿಗುತ್ತದೆ. ಒಣ ತರಗೆಲೆಯೂ ಆದೀತು. ಪ್ಲೈವುಡ್ ಕೊಯ್ದ ಹುಡಿ ಮಾತ್ರ ಬೇಡ, ಅದರಲ್ಲಿ ಅಂಟು ಇರುತ್ತದೆ.

ಹಾಸು ಸರಿಯಿದೆಯೇ ಎಂದು ತಿಳಿಯಲು ಒಂದು ಮುಷ್ಟಿ ಹಿಡಿದು ಹಿಸುಕಿ. ಕೈ ಬಿಚ್ಚಿದಾಗ ಉದುರಿದರೆ ಸರಿ, ಉಂಡೆಯಾಗಿ ನಿಂತರೆ ಒದ್ದೆ. ಒದ್ದೆಯಾದಷ್ಟನ್ನು ತೆಗೆದು ಹೊಸ ಉಮಿ ಹಾಕಿ. ಮೂಗಿಗೆ ಘಾಟು ಹೊಡೆಯುವವರೆಗೆ ಕಾಯಬೇಡಿ. ಬೆಳಿಗ್ಗೆ ಒಂದು ಹಿಡಿ ಕಾಳು ಎರಚಿದರೆ ಕೋಳಿಗಳೇ ಹಾಸನ್ನು ತಿರುವಿ ಹಾಕುತ್ತವೆ, ನಮಗೆ ಸೊಂಟನೋವಿಲ್ಲ. ಹಳೆಯ ಹಾಸು ಕೊಳೆತ ಮೇಲೆ ತೆಂಗಿಗೆ, ಬಾಳೆಗೆ ಗೊಬ್ಬರ. ಒಂದು ಕೋಳಿಗೆ ಎಂಟು-ಹತ್ತು ಚದರ ಅಡಿ ಅಂಗಳ ಬೇಕು. ಅದಕ್ಕಿಂತ ಕಡಿಮೆಯಾದರೆ ಯಾವ ನೆಲವೂ ಒಣಗಿರುವುದಿಲ್ಲ. ಮುಂಗುಸಿ, ಹೆಗ್ಗಣ ಕೊರೆಯದಂತೆ ಅರ್ಧ ಇಂಚು ಕಣ್ಣಿನ ಗಟ್ಟಿ ಬಲೆಯನ್ನು ಸುತ್ತಲೂ ಒಂದು ಅಡಿ ಮಣ್ಣಿನೊಳಗೆ ಹೂಳಿ.

ಇನ್ನು ಗಿಡಗಳು. ಅಂಗಳದೊಳಗೆ ಎಳೆ ಗಿಡ ನೆಟ್ಟರೆ ಒಂದೇ ದಿನಕ್ಕೆ ಬೇರು ಆಕಾಶ ನೋಡುತ್ತದೆ. ಗಿಡ ಬೇಲಿಯ ಹೊರಗಿರಲಿ, ನೆರಳು ಒಳಗೆ ಬೀಳಲಿ. ನಾವು ಪಡುವಣ ಬಿಸಿಲಿನ ಕಡೆ ಬಾಳೆ, ನುಗ್ಗೆ ನೆಟ್ಟೆವು. ಬಲೆಗೆ ಬಸಳೆ ಹಬ್ಬಿಸಿದೆವು. ಒಳಗೆ ಇಣುಕಿದ ಎಲೆ ಕೋಳಿಗೆ, ಹೊರಗಿನದು ನಮ್ಮ ಸಾರಿಗೆ. ದಾಸವಾಳ, ಮಜ್ಜಿಗೆ ಹುಲ್ಲು, ತುಳಸಿ ಇದ್ದರೂ ತೊಂದರೆಯಿಲ್ಲ. ಒಳಗೇ ಒಂದು ಗಿಡ ಬೇಕೆಂದರೆ ಮೊಣಕಾಲೆತ್ತರ ಬೆಳೆದದ್ದನ್ನು ನೆಟ್ಟು, ಬುಡದ ಸುತ್ತ ಚಪ್ಪಟೆ ಕಲ್ಲು ಜೋಡಿಸಿ.

ಕಣಗಿಲೆಯನ್ನು ಅಮ್ಮ ಮೊದಲ ದಿನವೇ ಕಿತ್ತೆಸೆದರು. ಹೆದ್ದಾರಿಯ ನಡುವೆ, ಸೊಸೈಟಿಯ ಗೇಟಿನ ಬಳಿ ಚೆಂದ ಕಾಣುವ ಈ ಗಿಡದ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಉಮ್ಮತ್ತಿ, ಗುಲಗಂಜಿ, ಹರಳಿನ ಬೀಜ, ಲಂಟಾನವೂ ಬೇಡ.

ಒಂದು ಎಚ್ಚರಿಕೆ. ಒಳ್ಳೆಯ ನೆಲ ರಾಣಿಖೇತ್ ಲಸಿಕೆಯ ಬದಲಿಯಲ್ಲ. 2022ರ ಫೆಬ್ರವರಿಯಲ್ಲಿ ನಮ್ಮದೇ ಜಿಲ್ಲೆಯ ಶಹಾಪುರ ತಾಲೂಕಿನ ವೆಹ್ಲೋಳಿಯಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಕೋಳಿಗಳನ್ನು ಕೊಲ್ಲಬೇಕಾಯಿತು. ಒಟ್ಟಿಗೆ ಹಲವು ಕೋಳಿ ಸತ್ತರೆ ಮುಚ್ಚಿಡದೆ ಪಶುಸಂಗೋಪನಾ ಇಲಾಖೆಗೆ ತಿಳಿಸಿ. ಅಂಗಳಕ್ಕೆ ಹೋಗಲು ಬೇರೆ ಚಪ್ಪಲಿ ಇಟ್ಟುಕೊಳ್ಳಿ.

ಉಳಿದ ಮೂರರ ಜೊತೆಗೆ ಏಳು ಮರಿ ತಂದೆವು. ಮರುವರ್ಷದ ಮಳೆಗಾಲದಲ್ಲಿ ಒಂದೂ ಸಾಯಲಿಲ್ಲ. ಅಮ್ಮ ಈಗ ದಿನಾ ಬೆಳಿಗ್ಗೆ ಉಮಿ ಹಿಸುಕಿ ನೋಡಿ ನನಗೆ ವರದಿ ಕೊಡುತ್ತಾರೆ, ಒದ್ದೆಯಾಗಿದ್ದರೆ ಬೈಯುತ್ತಾರೆ ಕೂಡ. ಆ ಬೈಗುಳ ಕೇಳುವುದೇ ನನಗೆ ಸಮಾಧಾನ.

ನಿಮ್ಮ ಮನೆಯಲ್ಲೂ ಬಾಲ್ಕನಿಯಲ್ಲಿ ಸುಮ್ಮನೆ ಕುಳಿತ ಹಿರಿಯರಿದ್ದರೆ, ಕೋಳಿ ಸಾಕದಿದ್ದರೂ ಪರವಾಗಿಲ್ಲ, ಅವರಿಗೆ ಗೊತ್ತಿರುವುದನ್ನು ಒಮ್ಮೆ ಕೇಳಿ ನೋಡಿ. ನಾನು ಐದು ಮರಿ ಕಳೆದುಕೊಂಡ ಮೇಲೆ ಕೇಳಿದೆ. ನೀವು ಮೊದಲೇ ಕೇಳಿ.