ಕೋವಿ ಕಲಿತವನ ಒಂದು ಸಾಲು

(ವಿದ್ಯಾರ್ಥಿ ಗೆಳೆಯರ ಅಧ್ಯಯನ ಕೂಟದಲ್ಲಿ ಆಡಿದ ಮಾತು)

ಇತಿಹಾಸದಲ್ಲಿ ದೊರೆಯನ್ನು ಹುಡುಕುವುದು ಸುಲಭ. ಶಾಸನದಲ್ಲಿ ಅವನೇ, ನಾಣ್ಯದಲ್ಲಿ ಅವನೇ. ಆ ನಾಣ್ಯಕ್ಕೆ ಅಚ್ಚು ಕೊರೆದವನು ಯಾರು? ಅವನ ಹತ್ತಿರ ಕೂತು ಕೆಲಸ ಕಲಿತವನು ಯಾರು? ಈ ಪ್ರಶ್ನೆ ಕೇಳಿದರೆ ಪುಸ್ತಕಗಳು ಬಾಯಿ ಮುಚ್ಚಿಕೊಳ್ಳುತ್ತವೆ. ಹಾಗಾದರೆ ಕೆಲಸ ಕಲಿತವನನ್ನು ಹುಡುಕುವುದು ಹೇಗೆ? ಇವತ್ತು ಒಬ್ಬನೇ ಒಬ್ಬನನ್ನು ಹುಡುಕಿ ನೋಡೋಣ. ಅವನು ನಮ್ಮ ಕಡೆಯವನಲ್ಲ, ಜಪಾನಿನವನು. ಆ ದೇಶದಲ್ಲಿ ಕೋವಿ ವಿದ್ಯೆಯನ್ನು ಮೊದಮೊದಲು ಕಲಿತವರಲ್ಲಿ ಒಬ್ಬ. ಹೆಸರು ತಾಚಿಬಾನಾಯಾ ಮಾತಾಸಾಬುರೋ.

ಮೊದಲು ನಡೆದದ್ದು ಕೇಳಿ. 1543ರಲ್ಲಿ ಜಪಾನಿನ ದಕ್ಷಿಣದ ತಾನೆಗಾಶಿಮಾ ದ್ವೀಪಕ್ಕೆ ಒಂದು ಹಡಗು ಬಂತು. ಅದರಲ್ಲಿ ನೂರಕ್ಕೂ ಹೆಚ್ಚು ಜನ, ಅವರ ನಡುವೆ ಪೋರ್ಚುಗೀಸರು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಹಡಗಿನಲ್ಲಿದ್ದ ಒಬ್ಬ ಚೀನೀಯನೂ ಊರಿನ ಮುಖಂಡನೂ ಮರಳಿನ ಮೇಲೆ ಕೋಲಿನಿಂದ ಚೀನೀ ಅಕ್ಷರ ಬರೆದು ಮಾತಾಡಿಕೊಂಡರಂತೆ. ದ್ವೀಪದ ದೊರೆ ತೊಕಿತಾಕಾ ಇನ್ನೂ ಹದಿನೈದು ಹದಿನಾರರ ಹುಡುಗ. ಬೆಲೆ ಎಷ್ಟು ಅಂತ ನೋಡದೆ ಎರಡು ಕೋವಿ ಕೊಂಡ. ಇಂಥವನ್ನೇ ಮಾಡಿ ಅಂತ ಕಮ್ಮಾರರಿಗೆ ಹೇಳಿದ.

ಹೇಳುವುದು ಸುಲಭ, ಮಾಡುವುದು ಕಷ್ಟ. ಕಮ್ಮಾರ ಯೈತಾ ಕಿನ್ಬೆ ಕಬ್ಬಿಣ ಬಡಿದು ನಳಿಗೆಯನ್ನೇನೋ ಮಾಡಿದ. ಆದರೆ ನಳಿಗೆಯ ಹಿಂಬದಿ ಮುಚ್ಚುವುದು ಅವನಿಗೆ ತಿಳಿಯಲಿಲ್ಲ. ಅಲ್ಲಿ ತಿರುಪು ಕೂರಿಸಬೇಕು. ಅದು ಗಟ್ಟಿಯಾಗಿ ಕೂರದಿದ್ದರೆ ಮದ್ದು ಸಿಡಿದಾಗ ಹಿಡಿದವನ ಮುಖಕ್ಕೇ ಬರುತ್ತೆ. ಮಾರನೆಯ ವರ್ಷ ಇನ್ನೊಂದು ಪರದೇಶಿ ಹಡಗು ಬಂತು. ಅದರಲ್ಲಿ ಒಬ್ಬ ಕಮ್ಮಾರನಿದ್ದ. ಅವನಿಂದ ಕಿನ್ಬೆ ಈ ಗುಟ್ಟು ಕಲಿತ. ಮತ್ತೆ ವರ್ಷ ಕಳೆಯುವ ಹೊತ್ತಿಗೆ ಹತ್ತಾರು ಕೋವಿ ತಯಾರಾದವು.

ನಾವು ಹುಡುಕುತ್ತಿರುವ ಮನುಷ್ಯ ಬರುವುದು ಇಲ್ಲಿ. ಸಕಾಯ್ ಅನ್ನೋ ವ್ಯಾಪಾರದ ಬಂದರಿನ ಈ ಮಾತಾಸಾಬುರೋ ಒಂದೆರಡು ವರ್ಷ ಆ ದ್ವೀಪದಲ್ಲೇ ನಿಂತು ಕೋವಿ ವಿದ್ಯೆ ಕಲಿತ. ತನ್ನೂರಿಗೆ ಹಿಂತಿರುಗಿದ ಮೇಲೆ ಜನ ಅವನನ್ನು ಹುಟ್ಟುಹೆಸರಿನಿಂದ ಕರೆಯಲಿಲ್ಲ, ತೆಪ್ಪೋಮಾತಾ ಅಂತ ಕರೆದರು. ತೆಪ್ಪೋ ಅಂದರೆ ಕೋವಿ. ಕೋವಿ ಮಾತಾ ಅಂದ ಹಾಗೆ. ಅವನ ವಿಷಯ ಹೆಚ್ಚುಕಡಿಮೆ ಇಷ್ಟೇ ಬರೆದಿರುವುದು. ಆಮೇಲೆ ಆ ಸಕಾಯ್ ಪಟ್ಟಣ ಜಪಾನಿನ ಕೋವಿ ಕೆಲಸದ ದೊಡ್ಡ ಕೇಂದ್ರಗಳಲ್ಲಿ ಒಂದಾಯಿತು.

ನಮ್ಮಲ್ಲಿ ಕಸುಬಿನ ಹೆಸರು ಹುಟ್ಟುವಾಗಲೇ ಅಂಟುತ್ತೆ. ಇವನಿಗೆ ಕಲಿತ ಮೇಲೆ ಬಂತು. ಹಾಗಂತ ಜಪಾನನ್ನು ಸ್ವರ್ಗ ಮಾಡಬೇಡಿ. ಅಲ್ಲಿಯೂ ಚರ್ಮದ ಕೆಲಸದವರನ್ನು ಹುಟ್ಟಿನಿಂದಲೇ ಹೊರಗಿಟ್ಟಿದ್ದರು. ಕಾನೂನು ಅದನ್ನು ತೆಗೆದದ್ದು 1871ರಲ್ಲಿ. ಮನಸ್ಸು ಅಷ್ಟು ಬೇಗ ತೆಗೆಯಲಿಲ್ಲ.

ಈಗ ದಾಖಲೆಗೆ ಬರೋಣ. ಇದೆಲ್ಲ ಇರುವುದು ತೆಪ್ಪೋಕಿ, ಅಂದರೆ ಕೋವಿಯ ವೃತ್ತಾಂತ ಅನ್ನೋ ಬರಹದಲ್ಲಿ. ಇಂಥ ಬರಹ ಕೈಗೆ ಸಿಕ್ಕಾಗ ಮೂರು ಪ್ರಶ್ನೆ ಕೇಳಬೇಕು.

ಬರೆಸಿದವರು ಯಾರು? ತೊಕಿತಾಕಾನ ಮಗ ಹಿಸಾತೊಕಿ. ಬರೆದವನು ನಾನ್ಪೋ ಬುನ್ಶಿ ಎಂಬ ಝೆನ್ ಸನ್ಯಾಸಿ. ಅಪ್ಪನ ಕೀರ್ತಿ ಉಳಿಯಲಿ ಅಂತ ಮಗ ಬರೆಸಿದ್ದು. ಆದ್ದರಿಂದ ದೊರೆಯ ಗುಣಗಾನ ಹೆಚ್ಚು, ಕೆಲಸ ಕಲಿತವನಿಗೆ ಒಂದೆರಡು ಸಾಲು. ತಿರುಪಿನ ಗುಟ್ಟು ಕಲಿಸಿದ ಆ ಪರದೇಶಿ ಕಮ್ಮಾರನಿಗೆ ಹೆಸರೇ ಇಲ್ಲ. ಅವನಿಲ್ಲದೆ ಒಂದು ಕೋವಿಯೂ ಹಾರುತ್ತಿರಲಿಲ್ಲ, ನೆನಪಿಡಿ.

ಯಾವಾಗ ಬರೆದರು? 1606ರಲ್ಲಿ. ನಡೆದ ಅರವತ್ತಮೂರು ವರ್ಷದ ಮೇಲೆ. ಕಣ್ಣಾರೆ ಕಂಡವರು ಅಷ್ಟು ಹೊತ್ತಿಗೆ ಎಷ್ಟು ಜನ ಉಳಿದಿರುತ್ತಾರೆ?

ಬೇರೆ ಕಾಗದ ಏನು ಹೇಳುತ್ತೆ? 1563ರಲ್ಲಿ ಅಚ್ಚಾದ ಪೋರ್ಚುಗೀಸ್ ಲೇಖಕ ಗಾಲ್ವಾವೊನ ಪುಸ್ತಕ, ಮೂವರು ಪೋರ್ಚುಗೀಸರು ಜಪಾನ್ ಕಂಡದ್ದು 1542ರಲ್ಲಿ ಅನ್ನುತ್ತೆ. ಒಂದು ವರ್ಷದ ವ್ಯತ್ಯಾಸ. 1614ರಲ್ಲಿ ಅಚ್ಚಾದ ಮೆಂಡೆಸ್ ಪಿಂಟೋ ಎಂಬುವನ ಪ್ರವಾಸದ ಪುಸ್ತಕ, ನಾನೇ ಅಲ್ಲಿದ್ದೆ, ಐದೂವರೆ ತಿಂಗಳಲ್ಲಿ ಆರುನೂರಕ್ಕೂ ಮಿಕ್ಕಿ ಕೋವಿ ಮಾಡಿದರು ಅನ್ನುತ್ತೆ. ತೆಪ್ಪೋಕಿ ಹತ್ತಾರು ಅನ್ನುತ್ತೆ. ಕಮ್ಮಟದ ಮುಂದೆ ಕೂತು ನಳಿಗೆ ಬಡಿದವರಿಗೆ ಯಾವ ಲೆಕ್ಕ ನಂಬಬಹುದು ಅಂತ ಗೊತ್ತಾಗುತ್ತೆ.

ಇನ್ನೊಂದು ಕಥೆಯಿದೆ. ಗುಟ್ಟು ತಿಳಿಯುವುದಕ್ಕಾಗಿ ಕಿನ್ಬೆ ತನ್ನ ಮಗಳು ವಾಕಾಸಾಳನ್ನು ಪೋರ್ಚುಗೀಸನಿಗೆ ಮದುವೆ ಮಾಡಿಕೊಟ್ಟ ಅಂತ. ದ್ವೀಪದಲ್ಲಿ ಇವತ್ತಿಗೂ ಹೇಳುತ್ತಾರೆ. ಕಿನ್ಬೆಯ ಮನೆತನದ ವಂಶಾವಳಿಯಲ್ಲಿ ಇದು ಉಂಟು, ತೆಪ್ಪೋಕಿಯಲ್ಲಿ ಇಲ್ಲ. ಕೇಳಿದರೆ ಕರುಳು ಚುರ್ ಅನ್ನುತ್ತೆ. ಆದರೆ ಕರುಳು ಚುರ್ ಅಂದ ಮಾತ್ರಕ್ಕೆ ನಿಜ ಆಗಲ್ಲ. ದೊರೆಯ ಕಾಗದದಲ್ಲಿ ಇಲ್ಲ ಅಂದ ಮಾತ್ರಕ್ಕೆ ಸುಳ್ಳೂ ಆಗಲ್ಲ. ಒಬ್ಬ ಹೆಣ್ಣುಮಗಳ ವಿಷಯ ಬರೆಯುವುದು ದೊರೆಮಗನಿಗೆ ಬೇಕಿರಲಿಲ್ಲ. ಕಮ್ಮಾರರ ಮನೆಯವರಿಗೆ ಬೇಕಿತ್ತು. ಯಾರು ಏನನ್ನು ಇಟ್ಟುಕೊಂಡರು ಅಂತ ಗುರುತು ಹಾಕಿಕೊಳ್ಳಿ. ತೀರ್ಪು ಆಮೇಲೆ.

ಕೆಲಸದವರು ತಾವೇ ಬರೆದಿಟ್ಟದ್ದು ಸಿಕ್ಕರೆ ಏನಾಗುತ್ತೆ ಅನ್ನುವುದಕ್ಕೂ ಸಕಾಯ್ ಪಟ್ಟಣದಲ್ಲೇ ಉದಾಹರಣೆ ಉಂಟು. ಮಾತಾಸಾಬುರೋ ಕಾಲದ್ದಲ್ಲ, ಆಮೇಲಿನದು. ಇನೊಉಎ ಸೆಕಿಎಮೊನ್ ಅನ್ನುವ ಕೋವಿ ಕಮ್ಮಾರರ ಹಳೆಯ ಮನೆಯಲ್ಲಿ ಸಾವಿರಾರು ಕಾಗದಪತ್ರ ಸಿಕ್ಕವು. ಯುದ್ಧಗಳು ನಿಂತ ಮೇಲೆ ಅಲ್ಲಿ ಕೋವಿ ಕೆಲಸ ಸೊರಗಿಹೋಯಿತು ಅಂತ ಬಹಳ ಕಾಲ ಬರೆದುಕೊಂಡು ಬಂದಿದ್ದರು. ಈ ಮನೆಯ ಲೆಕ್ಕಪತ್ರ ನೋಡಿದರೆ ಕೆಲಸ ನಡೆದೇ ಇತ್ತು, ದೊರೆಗಳಿಂದ ಆರ್ಡರು ಬರುತ್ತಲೇ ಇತ್ತು. ಕಾಗದದ ಕಟ್ಟು ಬಿಚ್ಚಿದ್ದಕ್ಕೆ ಹಳೆಯ ಅಭಿಪ್ರಾಯ ತಿದ್ದಬೇಕಾಯಿತು.

ಗೆಳೆಯರೆ, ಹೆಸರಿಲ್ಲದವರಿಗೆ ಚರಿತ್ರೆಯೇ ಇಲ್ಲ ಅಂತ ಯಾರಾದರೂ ಅಂದರೆ ಜಗಳಕ್ಕೆ ಹೋಗಬೇಡಿ. ಬರೆಸಿದವರು ಯಾರು, ಯಾವಾಗ ಬರೆದರು, ಬೇರೆ ಕಾಗದ ಏನು ಹೇಳುತ್ತೆ ಅಂತ ಕೇಳಿ. ಲೈಬ್ರರಿಯಲ್ಲಿ ಕೂತು ಆ ಒಂದು ಸಾಲನ್ನು ಹುಡುಕಿ. ಸಿಕ್ಕಿದರೆ ನೋಟ್‌ಬುಕ್ಕಿನಲ್ಲಿ ಪುಸ್ತಕದ ಹೆಸರು, ಇಸವಿ, ಪುಟ ಸಮೇತ ಬರೆದಿಡಿ. ನಿಮ್ಮ ಪಕ್ಕದ ರೂಮಿನವನಿಗೆ ತೋರಿಸಿ, ತಪ್ಪು ಹುಡುಕು ಅಂತ ಹೇಳಿ. ಅವನು ಹುಡುಕಿಯೂ ನಿಂತದ್ದು ನಮ್ಮದು.